ತಟ್ಟಿಗೆ ನೀರು ಹಾಕಿದವಳು

ಮಹಾಲ್, ನಾಗಪುರ
೨೧ ಆಗಸ್ಟ್ ೧೯೫೫

ಅಪ್ಪನವರಿಗೆ ಮಗಳು ನೀಲಾಂಬಿಕೆಯ ಶರಣು.

ನೀವು ಹೇಳಿದಂತೆ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಇದ್ದಷ್ಟು ವರ್ಷವೂ ಪತ್ರಗಳನ್ನು ಮದರ್ ಸುಪೀರಿಯರ್ ಓದಿ ನೋಡಬೇಕೆಂದು ನಿಮಗೆ ಇಂಗ್ಲಿಷಿನಲ್ಲೇ ಬರೆದೆ. ಈಗ ಕನ್ನಡದಲ್ಲಿ ಬರೆಯಲು ಕೂತರೆ ತಲೆಯೊಳಗೆ ಮೊದಲು ಇಂಗ್ಲಿಷೇ ಬಂದು ಕುರ್ಚಿ ಹಿಡಿಯುತ್ತದೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡಿ, ನಕ್ಕು ಬಿಟ್ಟುಬಿಡಿ.

ನಿಮ್ಮ ತಂಗಿ ಕಾಶಿಬಾಯಿ ಅತ್ತೆಯ ಮನೆ ನನಗೆ ಒಗ್ಗಿದೆ. ಮಾವ ಬೆಳಿಗ್ಗೆಯೇ ಗಾಂಧಿಬಾಗಿನ ಬಟ್ಟೆ ಅಂಗಡಿಗೆ ಹೊರಟುಬಿಡುತ್ತಾರೆ. ಆಮೇಲೆ ಅತ್ತೆಯ ಕೈಗೆ ಸಿಗುವವಳು ನಾನೊಬ್ಬಳೇ. "ಸೂರ್ಯಾನ್ನ ನೋಡಾಕ ಕಾಲೇಜಿಗೆ ಯಾಕ ಹೋಗ್ತಿ ನೀಲಾ? ಮಾಳಗಿ ಮ್ಯಾಲ ಬಾ. ಹಪ್ಪಳಾ ಕಾಯ್ಕೋತ ಬರೋಬರ್ ನೋಡಬಹುದು" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಕಾಲೇಜಿನಲ್ಲಿ ಹಪ್ಪಳವೂ ಇಲ್ಲ, ದೂರದರ್ಶಕವೂ ಇಲ್ಲ.

ನನ್ನ ಗೈಡ್ ಡಾಕ್ಟರ್ ವೇಣುಗೋಪಾಲ್ ಅವರ ಯೋಚನೆ ಹೀಗಿದೆ. ದಕ್ಷಿಣದ ಬೆಟ್ಟದ ಮೇಲೊಂದು ವೀಕ್ಷಣಾಲಯವಿದೆ. ಅಲ್ಲಿ ಹಿಂದೆ ಸೂರ್ಯನ ಮೇಲಿನ ಕಪ್ಪು ಕಲೆಗಳು ಹೆಚ್ಚಿದ್ದ ವರ್ಷಗಳಲ್ಲಿ ತೆಗೆದ ಫೋಟೋಗಳ ಗಾಜಿನ ಪ್ಲೇಟುಗಳನ್ನು ಎರವಲು ತರಿಸಿಕೊಳ್ಳುವುದು. ಸೂರ್ಯನ ಬೆಳಕನ್ನು ಬಿಡಿಸಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಕಲೆಯ ಹತ್ತಿರ ಆ ಗೆರೆಗಳು ಕೂದಲೆಳೆಗಿಂತ ಕಡಿಮೆ ಅತ್ತಿತ್ತ ಸರಿದಿರುತ್ತವೆ. ಎಷ್ಟು ಸರಿದಿವೆ ಎಂದು ಅಳೆದರೆ ಅಲ್ಲಿನ ಬಿಸಿ ಅನಿಲ ಯಾವ ವೇಗದಲ್ಲಿ ಹರಿಯುತ್ತಿತ್ತೆಂದು ಹೇಳಬಹುದು. ಅದನ್ನು ಅಳೆಯುವುದೇ ನನ್ನ ಡಾಕ್ಟರೇಟ್.

ನೀವು ಒಂದೇ ವರ್ಷ ಎಂದಿದ್ದೀರಿ, ಮರೆತಿಲ್ಲ. ಬರುವ ಜುಲೈನಲ್ಲಿ ವರ್ಷದ ಕೆಲಸ ನೋಡಲು ವಿಶ್ವವಿದ್ಯಾಲಯದ ಕಮಿಟಿ ನನ್ನನ್ನು ಕರೆಯುತ್ತದೆ. ಮುಂದುವರಿ ಎಂದರೆ ಇಲ್ಲಿ. ಬೇಡ ಎಂದರೆ ಕಲಬುರ್ಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನೀವು ಹೇಳಿಟ್ಟಿರುವ ಕೆಲಸ. ಒಪ್ಪಿದ್ದೇನೆ. ಆದರೆ ಲ್ಯಾಬಿನಲ್ಲಿ ಕಾಲಿಟ್ಟ ಕೂಡಲೇ ಬಾಗಿಲ ಪಕ್ಕದ ಸ್ಟೂಲನ್ನೇ ಹುಡುಕಿ ಕೂರುತ್ತೇನೆ. ಇಡೀ ವಿಭಾಗದಲ್ಲಿ ಸೂರ್ಯನ ಸುದ್ದಿ ಎತ್ತುವವಳು ನಾನೊಬ್ಬಳೇ.

ನಿಮ್ಮ ಅಂಜುಬುರುಕಿ,
ನೀಲಾ


ವಾಡಿ ಜಂಕ್ಷನ್
೪ ಸೆಪ್ಟೆಂಬರ್ ೧೯೫೫

ನೀಲವ್ವಾ,

ಪತ್ರ ಮುಟ್ಟಿತು. ನಿನ್ನ ಹಂಗ ಪುಸ್ತಕದ ಕನ್ನಡ ನನಗ ಬರೂದಿಲ್ಲ, ನಾ ಮಾತಾಡಿಧಂಗ ಬರೀತೀನಿ. ನಿನ್ನ ಅರ್ಧ ಇಂಗ್ಲಿಷ್ ಕನ್ನಡ ಓದಿ ಗಾರ್ಡ್ ಮರಿಯಪ್ಪಗೂ ತೋರಿಸಿದೆ. "ಏನ್ ಮಾಸ್ತರ, ಮಗಳು ಮುನಸೀಪ ಕೋರ್ಟಿನಾಗ ಕೆಲಸಕ್ಕ ಸೇರ್ಯಾಳೇನು?" ಅಂದ.

ದೂರದರ್ಶಕ ಇಲ್ಲದ ಊರಾಗ ಆಕಾಶದ ಡಾಕ್ಟರಕಿ ಅಂದ್ರ ಎಂಜಿನ್ ಇಲ್ಲದ ಊರಾಗ ಡ್ರೈವರಕಿ ಇದ್ಧಂಗ. ನಾ ಬ್ಯಾಡ ಅನ್ನಂಗಿಲ್ಲ. ಒಂದು ವರ್ಷ ಅಂದೀನಿ, ಒಂದು ವರ್ಷ. ಶಾಲಿಯ ಹೆಡ್‌ಮಿಸ್ ವಿಜಯಾಬಾಯಿಯವರು ಜಾಗಾ ಜುಲೈ ತನಕ ಹಿಡಿದಿಡ್ತೀನಿ ಅಂದಾರ. ನಿಮ್ಮವ್ವ ಇದ್ದಿದ್ರ ಏನು ಹೇಳ್ತಿದ್ದಳೋ ನನಗ ಗೊತ್ತಿಲ್ಲ. ನಾ ಸ್ಟೇಶನ್‌ದಿಂದ ಸ್ಟೇಶನ್‌ಕ್ಕ ತಿರುಗಿದಾಂವ, ನಿನ್ನ ಹಾಸ್ಟೆಲಿನಾಗ ಬಿಟ್ಟಾಂವ. ನಿನಗ ಏನು ಬೇಕು ಅಂತ ನನಗ ಪೂರಾ ಎಂದೂ ತಿಳೀಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಬಸವಂತಪ್ಪ, ನಿಮ್ಮಪ್ಪ


ನಾಗಪುರ
೧೫ ಜನವರಿ ೧೯೫೬

ಅಪ್ಪಾ, ನಿಮಗೂ ಮರಿಯಪ್ಪ ಕಾಕಾನವರಿಗೂ ಸಂಕ್ರಮಣದ ಎಳ್ಳು ಬೆಲ್ಲ.

ಹೋದ ತಿಂಗಳು ಪ್ಲೇಟುಗಳು ಬಂದವು! ಮರದ ಪೆಟ್ಟಿಗೆಯಲ್ಲಿ ಒಂದೊಂದನ್ನೂ ಕಾಗದದ ಅಂಗಿ ತೊಡಿಸಿ ನಿಲ್ಲಿಸಿದ್ದಾರೆ. ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಆ ದಿನದ ಸೂರ್ಯ ಇನ್ನು ಬರುವುದಿಲ್ಲವಲ್ಲ. ಗಾಜಿನ ಮೇಲೆ ಜಿಲೆಟಿನ್ ಎಂಬ ತೆಳ್ಳನೆಯ ಅಂಟಿನ ಪೊರೆ ಇದೆ. ಗೆರೆಗಳೆಲ್ಲ ಇರುವುದು ಅದರಲ್ಲೇ. ಮುಟ್ಟುವಾಗ ಉಸಿರು ಕೂಡ ಪಕ್ಕಕ್ಕೆ ತಿರುಗಿಸಿ ಬಿಡುತ್ತೇನೆ.

ಹಿಂದಿನ ಓಣಿಯ ಕಡೆಗಿರುವ ಸಣ್ಣ ಕೋಣೆಯನ್ನು ನನಗೆ ಕೊಟ್ಟಿದ್ದಾರೆ. ಮೇಜು, ಮೈಕ್ರೋಸ್ಕೋಪು, ಪಶ್ಚಿಮಕ್ಕೊಂದು ಕಿಟಕಿ, ನಾನು. ಸ್ಕ್ರೂ ತಿರುಗಿಸಿ ಗೆರೆಯ ಮೇಲೆ ಕೂದಲಿನಂಥ ತಂತಿಯನ್ನು ತಂದು ನಿಲ್ಲಿಸಿ, ಸ್ಕ್ರೂವಿನ ಮೇಲಿನ ಅಂಕಿ ಓದಿ ಬರೆದುಕೊಳ್ಳಬೇಕು. ಮತ್ತೆ ಅದೇ, ಮತ್ತೆ ಅದೇ. ಮೊದಲ ವಾರ ಅಳು ಬರುತ್ತಿತ್ತು. ಈಗ ಕೆಲವೊಮ್ಮೆ ಊಟಕ್ಕೆ ಏಳಲೂ ಮನಸ್ಸಾಗುವುದಿಲ್ಲ. ಇದನ್ನು ನಿಮಗೆ ಹೇಳಬಾರದಿತ್ತೇನೋ.

ವೇಣುಗೋಪಾಲ್ ಸರ್ ಹೆಚ್ಚು ಮಾತಾಡುವವರಲ್ಲ. ಬಂದು, ಭುಜದ ಮೇಲಿಂದ ನೋಡಿ, "ಹ್ಞೂಂ" ಎಂದು ಹೋಗುತ್ತಾರೆ. ಆ "ಹ್ಞೂಂ" ಒಳ್ಳೆಯದೋ ಕೆಟ್ಟದ್ದೋ ಎಂದು ಇಡೀ ಸಂಜೆ ಯೋಚಿಸುತ್ತೇನೆ.

ಕಣ್ಣು ಕೆಂಪಾದರೂ ಚೆನ್ನಾಗಿರುವ
ನೀಲಾ


ನಾಗಪುರ
೨೮ ಮಾರ್ಚ್ ೧೯೫೬

ಅಪ್ಪಾ,

ಇಲ್ಲಿ ಬಿಸಿಲು ಶುರುವಾಗಿದೆ. ನಿಮಗೆ ವಿವರಿಸಬೇಕಾಗಿಲ್ಲ, ವಾಡಿಯ ಪ್ಲಾಟ್‌ಫಾರ್ಮು ಸುಡುವುದನ್ನು ನಾನೂ ನೋಡಿದ್ದೇನೆ. ಆದರೆ ನನ್ನ ತೊಂದರೆ ಬೇರೆ. ಬೆಳಿಗ್ಗೆ ಅಳೆದ ಗೆರೆಯನ್ನು ಮಧ್ಯಾಹ್ನ ಅಳೆದರೆ ಅಂಕಿ ಬೇರೆ ಬರುತ್ತದೆ. ಸರ್ ಹೇಳಿದರು, ಯಂತ್ರದ ಸ್ಕ್ರೂ ಶಾಖಕ್ಕೆ ಹಿಗ್ಗುತ್ತದೆ ಎಂದು. ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆ, ಅದಕ್ಕೆಂದೇ ನಡುವೆ ಸಂದು ಬಿಡುತ್ತಾರೆ ಎಂದು ನೀವು ಚಿಕ್ಕಂದಿನಲ್ಲಿ ತೋರಿಸಿದ್ದಿರಿ. ನನ್ನ ಸ್ಕ್ರೂವಿಗೆ ಸಂದು ಬಿಡಲು ಬರುವುದಿಲ್ಲ.

ಮಧ್ಯಾಹ್ನದ ಅಳತೆಗಳನ್ನೆಲ್ಲ ಕೈಬಿಟ್ಟರೆ ಜುಲೈ ಹೊತ್ತಿಗೆ ಅರ್ಧ ಕೆಲಸವೂ ಮುಗಿಯದು. ಕಮಿಟಿಯ ಮುಂದೆ ಏನು ಇಡಲಿ? ಕನಸಿನಲ್ಲಿ ಕಲಬುರ್ಗಿಯ ಶಾಲೆಯ ಗಂಟೆ ಕೇಳಿಸುತ್ತಿದೆ. (ಇದು ತಮಾಷೆಗೆ ಬರೆದದ್ದು. ಪೂರ್ತಿ ತಮಾಷೆಗಲ್ಲ.)

ನೀಲಾ


ವಾಡಿ ಜಂಕ್ಷನ್
೧೧ ಏಪ್ರಿಲ್ ೧೯೫೬

ನೀಲವ್ವಾ,

ಈ ಪತ್ರದ ಹಿಂದ ಒಂದು ಖಸ್ ತಟ್ಟಿ ಬರಾಕ ಹತ್ತೈತಿ. ಲಾವಂಚದ ಬೇರಿಂದ ಹೆಣೆದಿದ್ದು. ಹಿಂದಕ ಸಾಹೇಬರು ಫಸ್ಟ್ ಕ್ಲಾಸಿನಾಗ ಹೋಗುವಾಗ ಡಬ್ಬಿಯ ಕಿಡಕಿಗೆ ಇದನ್ನ ಕಟ್ಟಿ ನೀರು ಹೊಡೀತಿದ್ರು. ಹೊರಗ ಬೆಂಕಿ ಇದ್ರೂ ಒಳಗ ತಂಪು. ನಾನೂ ಸಣ್ಣಾಂವ ಇದ್ದಾಗ ನೀರು ಹೊಡೆದೀನಿ, ಹಂಗಾಗಿ ಇದರ ಮರ್ಮ ಬಲ್ಲೆ.

ಇಲ್ಲಿ ತಟ್ಟಿ ಹೆಣಿಯೂ ದೊಡ್ಡಯ್ಯನ ಕಡಿಂದ ನಿನ್ನ ಕಿಡಕಿ ಅಳತಿಗೆ ಮಾಡಿಸೀನಿ. ಅಳತಿ ಕಾಶಿಬಾಯಿ ಕಳಿಸಿದಳು. ನಿನಗ ಹೇಳಬ್ಯಾಡ ಅಂದಿದ್ದೆ. ಮರಿಯಪ್ಪನ ಗಾರ್ಡ್ ಡಬ್ಬಿಯಾಗ ಹೊಂಟು, ಗಾರ್ಡಿನಿಂದ ಗಾರ್ಡಿಗೆ ಕೈ ಬದಲಾಗಿ ನಾಗಪುರ ಮುಟ್ಟತೈತಿ. ಮಾವನ್ನ ಕಳಿಸಿ ಬಿಡಿಸ್ಕೋ.

ಕಿಡಕಿಗೆ ಬಿಗಿಯಾಗಿ ಕಟ್ಟು. ಒಣಗಾಕ ಬಿಡಬ್ಯಾಡ, ಆಗಾಗ ನೀರು ಹೊಡಿ. ಯಂತ್ರಾನೂ ನಿನ್ನ ಪ್ಲೇಟಿನ ಪೆಟಿಗೀನೂ ತಟ್ಟಿಯ ಹತ್ತಿರಾನ ಇಡು. ಸಾಹೇಬರು ಮಾವಿನ ಹಣ್ಣಿನ ಬುಟ್ಟಿ ಅಲ್ಲೇ ಇಡಸ್ತಿದ್ರು, ಬೊಂಬಾಯಿ ತನಕ ಕೆಡ್ತಿರಲಿಲ್ಲ.

ನಿನ್ನ ವಿದ್ಯಾ ನನಗ ತಿಳಿಯೂದಿಲ್ಲ. ಕ್ವಾಣಿ ತಂಪ ಮಾಡೂದು ತಿಳೀತೈತಿ.

ಬಸವಂತಪ್ಪ


ನಾಗಪುರ
೯ ಮೇ ೧೯೫೬

ಅಪ್ಪಾ! ಅಪ್ಪಾ!

ಇಡೀ ವಿಭಾಗ ನನ್ನ ಕೋಣೆಗೆ ಬಂದು ಸುಮ್ಮನೆ ನಿಂತು ಹೋಗುತ್ತಿದೆ. ಮೊನ್ನೆ ಪ್ರಿನ್ಸಿಪಾಲರೇ ಬಂದು, ಏನೋ ಕೇಳಲು ಬಂದವರಂತೆ ನಟಿಸಿ, ತಟ್ಟಿಯ ಗಾಳಿ ಕುಡಿದು ಹೋದರು. ಲಾವಂಚದ ಪರಿಮಳದಲ್ಲಿ ಕೂತು ಸೂರ್ಯನನ್ನು ಅಳೆಯುವವಳು ಇಡೀ ದೇಶದಲ್ಲಿ ನಾನೊಬ್ಬಳೇ ಇರಬೇಕು. ನೀವು ಹೇಳಿದಂತೆ ಪೆಟ್ಟಿಗೆಯನ್ನು ತಟ್ಟಿಯ ಬುಡಕ್ಕೇ ಇಟ್ಟಿದ್ದೇನೆ. ಸ್ಕ್ರೂ ಈಗ ಬೆಳಿಗ್ಗೆ ಹೇಳಿದ್ದನ್ನೇ ಮಧ್ಯಾಹ್ನವೂ ಹೇಳುತ್ತದೆ.

ಇನ್ನೊಂದು ಸುದ್ದಿ. ಮೊದಲು ನಿಮಗೇ ಹೇಳುತ್ತಿದ್ದೇನೆ. ಕಲೆಯ ಅಂಚಿನಲ್ಲಿ ಅನಿಲ ಹರಿಯುವ ವೇಗ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬರುತ್ತಿದೆ. ಒಂದು ಪ್ಲೇಟಿನಲ್ಲಿ ಅಲ್ಲ, ಒಂದರ ನಂತರ ಒಂದರಲ್ಲಿ. ಪುಸ್ತಕಗಳಲ್ಲಿ ಇಷ್ಟು ವೇಗ ಎಲ್ಲಿಯೂ ಇಲ್ಲ. ಸರ್ ಭುಜದ ಮೇಲಿಂದ ನೋಡಿದರು. "ಹ್ಞೂಂ" ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು! ಕಮಿಟಿಯ ಮುಂದೆ ಇದನ್ನೇ ಇಡೋಣ, ಬೆಟ್ಟದ ಮೇಲಿನವರಿಗೂ ಬರೆಯುತ್ತೇನೆ ಎಂದಿದ್ದಾರೆ.

ಅತ್ತೆ ಎಲ್ಲ ಕೇಳಿ, "ಅಂದ್ರ ಸೂರ್ಯಾ ಮೊದಲಿಗಿಂತ ಜಲ್ದಿ ಓಡ್ತಾನೇನು? ಅದಕ್ಕ ಈ ವರ್ಷ ಇಷ್ಟ ಬಿಸಲ" ಎಂದರು. ನಕ್ಕು ನಕ್ಕು ಸಾಕಾಯಿತು.

ನೀವು ಕಟ್ಟಿಸಿದ ತಟ್ಟಿ ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೇನೆ.

ಹೆದರಿಕೆಯನ್ನು ಸ್ವಲ್ಪ ಮರೆತಿರುವ
ನೀಲಾ


ನಾಗಪುರ
೬ ಜೂನ್ ೧೯೫೬

ಅಪ್ಪನವರಿಗೆ ಶರಣು.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆರೋಗ್ಯವಾಗಿದ್ದೇನೆ.

ನಾನು ಮೊದಲು ಬರೆದ ಫಲಿತಾಂಶ ಸರಿಯಲ್ಲ. ಪ್ಲೇಟುಗಳಲ್ಲಿ ಸೂರ್ಯನ ಗೆರೆಗಳ ನಡುವೆ ನಮ್ಮ ಭೂಮಿಯ ಗಾಳಿಯಿಂದ ಆದ ಕೆಲವು ಗೆರೆಗಳೂ ಇರುತ್ತವೆ. ಸೂರ್ಯನ ಬೆಳಕು ನಮ್ಮ ಗಾಳಿಯನ್ನು ಹಾದು ಬರುತ್ತದಲ್ಲ, ಅದಕ್ಕೆ. ಆ ಗಾಳಿ ನಮ್ಮ ಜೊತೆಯಲ್ಲೇ ಇರುವುದರಿಂದ ಅವು ಸರಿಯಬಾರದು. ಒಂದು ಮಧ್ಯಾಹ್ನ ಸುಮ್ಮನೆ ಅವನ್ನೂ ಅಳೆದೆ. ಅವೂ ಅಷ್ಟೇ ಸರಿದಿದ್ದವು. ಬೆಟ್ಟದ ಮೇಲಿನ ಗಾಳಿ ಅಂದು ಸೂರ್ಯನ ಅನಿಲದ ವೇಗದಲ್ಲಿ ಓಡುತ್ತಿತ್ತೆಂದು ನನ್ನ ಅಂಕಿಗಳು ಹೇಳುತ್ತಿದ್ದವು. ಹಾಗಿದ್ದಿದ್ದರೆ ಬೆಟ್ಟವೇ ಉಳಿಯುತ್ತಿರಲಿಲ್ಲ.

ಅಂದರೆ ಸರಿದದ್ದು ಸೂರ್ಯನೂ ಅಲ್ಲ, ಗಾಳಿಯೂ ಅಲ್ಲ. ಜಿಲೆಟಿನ್ ಪೊರೆಯೇ ತೇವಕ್ಕೆ ಊದಿ, ಆರಿ, ಜರುಗಿದೆ. ಕೆಳಗಿನ ಅಂಚುಗಳಲ್ಲಿ ಬೂಷ್ಟು ಕೂಡ ಹಿಡಿದಿದೆ. ಕೆಲವು ಪ್ಲೇಟುಗಳು ಇನ್ನು ಅಳತೆಗೆ ಬರುವುದಿಲ್ಲ. ಸರ್ ಬೆಟ್ಟಕ್ಕೆ ಬರೆದಿದ್ದ ಪತ್ರವನ್ನು ಹಿಂತೆಗೆದುಕೊಂಡು ಇನ್ನೊಂದು ಬರೆದರು. ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಕಮಿಟಿ ಜುಲೈನಲ್ಲೇ ಇದೆ. ವಿಜಯಾಬಾಯಿಯವರಿಗೆ ಜಾಗ ಬಿಟ್ಟುಕೊಡಬೇಡಿ ಎಂದು ಹೇಳಿಡಿ.

ನೀಲಾ


ವಾಡಿ ಜಂಕ್ಷನ್
೧೪ ಜೂನ್ ೧೯೫೬

ನೀಲವ್ವಾ,

ಪತ್ರ ಎರಡು ಸಲ ಓದಿದೆ. ಗಾಳಿ ಗೆರಿ ವಿಚಾರ ಛಲೋ ಹಿಡಿದಿ. ಅಷ್ಟು ನನಗೂ ತಿಳೀತು.

ತಿಳೀಲಾರದ್ದು ಒಂದು. ತೇವ ಅಂತ ಬರದಿ. ಮೇ ತಿಂಗಳ ನಾಗಪುರದಾಗ ತೇವ ಎಲ್ಲಿಂದ ಬಂತು? ಮಾಳಗಿ ಸೋರೂ ಕಾಲ ಅಲ್ಲ. ನಳ ಆ ಕ್ವಾಣ್ಯಾಗ ಇಲ್ಲ ಅಂತ ಕಾಶಿಬಾಯಿ ಹೇಳ್ಯಾಳ.

ಪತ್ರದಾಗ ತಟ್ಟಿ ಸುದ್ದಿ ಎಲ್ಲೂ ಇಲ್ಲ. ಹಿಂದಿನ ಪತ್ರದಾಗ ಸಾಲಿಗೊಮ್ಮೆ ಇತ್ತು.

ತಿರುಗಿ ಟಪಾಲಿಗೆ ಉತ್ತರ ಬರಿ.

ಬಸವಂತಪ್ಪ


ವಾಡಿ ಜಂಕ್ಷನ್
೨ ಜುಲೈ ೧೯೫೬

ಡಾಕ್ಟರ್ ವೇಣುಗೋಪಾಲ್ ಅವರ ಸನ್ನಿಧಿಗೆ, ವಾಡಿ ಜಂಕ್ಷನ್ನಿನ ಅಸಿಸ್ಟೆಂಟ್ ಸ್ಟೇಶನ್ ಮಾಸ್ತರ ಬಸವಂತಪ್ಪನ ಹೇಳಿಕೆ. (ಇಂಗ್ಲಿಷಿನಲ್ಲಿ ಕಳಿಸಿದ್ದರ ಕನ್ನಡ ಪ್ರತಿ, ಇಲ್ಲಿನ ಶಾಲಾ ಮಾಸ್ತರರಿಂದ ಬರೆಸಿದ್ದು, ಮಗಳ ತಿಳಿವಳಿಕೆಗಾಗಿ.)

ನಮ್ಮ ರೈಲ್ವೆಯಲ್ಲಿ ಅಪಘಾತವಾದರೆ ಯಾರ ಅಪ್ಪಣೆಯಿಂದ ಕೆಲಸ ನಡೆದಿತ್ತೋ ಅವರು ಹೇಳಿಕೆ ಬರೆದುಕೊಡುವುದು ಪದ್ಧತಿ. ಆದುದರಿಂದ ತಿಳಿಸುವುದೇನೆಂದರೆ, ಸದರಿ ಕೋಣೆಗೆ ಖಸ್ ತಟ್ಟಿಯನ್ನು ಮಾಡಿಸಿ ಕಳಿಸಿದವನು ನಾನು. ಅದಕ್ಕೆ ನೀರು ಹೊಡೆಯಬೇಕೆಂದೂ ಪ್ಲೇಟುಗಳ ಪೆಟ್ಟಿಗೆಯನ್ನು ಅದರ ಹತ್ತಿರವೇ ಇಡಬೇಕೆಂದೂ ಬರಹದಲ್ಲಿ ಅಪ್ಪಣೆ ಕೊಟ್ಟವನೂ ನಾನೇ. ನನ್ನ ಮಗಳು ತಂದೆಯ ಮಾತನ್ನು ಪಾಲಿಸಿದ್ದಾಳೆ. ಆದ ನಷ್ಟದ ಹೊಣೆ ಪೂರ್ತಿ ನನ್ನದು. ಅವಳನ್ನು ಹೊಣೆಯಾಗಿಸಬಾರದೆಂದು ವಿನಂತಿ.

ಬಸವಂತಪ್ಪ


ನಾಗಪುರ
೨೨ ಜುಲೈ ೧೯೫೬

ಅಪ್ಪಾ,

ನಿಮ್ಮ ಹೇಳಿಕೆಯ ಪ್ರತಿ ಓದಿದ ದಿನ ಬಹಳ ಸಿಟ್ಟು ಬಂದಿತ್ತು. ಅದಕ್ಕೇ ಬರೆಯಲಿಲ್ಲ. ಈಗ ಸಿಟ್ಟಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ತಟ್ಟಿಯ ವಿಷಯ ನಿಮಗೆ ಹೇಳಬಾರದೆಂದೇ ಇದ್ದೆ, ನಿಮ್ಮ ಪ್ರಶ್ನೆಗೂ ಉತ್ತರ ಬರೆಯಲಿಲ್ಲ; ಅದರಿಂದಲೇ ನೀವು ಊಹಿಸಿಬಿಟ್ಟಿರಿ. ಈ ಕಲಿಕೆಯಲ್ಲಿ ನೀವು ನನಗೆಂದು ಕೈಯಾರೆ ಮಾಡಿದ ಕೆಲಸ ಅದೊಂದೇ. ಅದೇ ಹೀಗಾಯಿತು ಎಂದು ಹೇಗೆ ಬರೆಯಲಿ? ಅತ್ತೆಗೂ ಹೇಳಿರಲಿಲ್ಲ. ತಟ್ಟಿ ಬಿಚ್ಚಿ ಮನೆಗೆ ತಂದ ದಿನ ಅವರು ತಾವೇ ನೋಡಿ, "ಅಣ್ಣಾಗ ಬರೀಬ್ಯಾಡ ನೀಲಾ, ಉಣ್ಣೂದು ಬಿಡ್ತಾನ" ಎಂದರು.

ಹದಿನೆಂಟಕ್ಕೆ ಕಮಿಟಿ ಕೂತಿತ್ತು. ಅಧ್ಯಕ್ಷರು ಬಿಳಿ ಮೀಸೆಯ ಹಿರಿಯರು, ಗಣಿತದವರು. ನಿಮ್ಮ ಹೇಳಿಕೆ ಅವರ ಮುಂದೆಯೇ ಇತ್ತು. ಅದನ್ನು ಓದಿ ಅವರಿಗೆ ಬಹಳ ಮೆಚ್ಚುಗೆಯಾಗಿತ್ತು, ಅಪ್ಪಾ. "ಇಂಥ ತಂದೆ ಎಲ್ಲರಿಗೂ ಸಿಗುವುದಿಲ್ಲ. ಇದರಲ್ಲಿ ಹುಡುಗಿಯ ತಪ್ಪೇನೂ ಕಾಣುವುದಿಲ್ಲ. ಹಿರಿಯರು ಹೇಳಿದಂತೆ ಮಾಡಿದ್ದಾಳೆ. ಮುಂದುವರಿಸಲಿ ಎಂದು ಬರೆದುಕೊಳ್ಳೋಣವೇ?" ಎಂದು ಉಳಿದವರ ಮುಖ ನೋಡಿದರು. ಯಾರೂ ಬೇಡ ಎನ್ನಲಿಲ್ಲ. ವೇಣುಗೋಪಾಲ್ ಸರ್ ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿದ್ದಿದ್ದರೆ ಮುಗಿದಿತ್ತು. ಕುರ್ಚಿಯಿಂದ ಎದ್ದು ನಿಂತೆ. "ಸರ್, ಅದು ಸರಿಯಲ್ಲ" ಎಂದೆ.

"ಯಾವುದು ಸರಿಯಲ್ಲ?"

"ತಟ್ಟಿ ನಮ್ಮ ಅಪ್ಪನದು. ಕೋಣೆ ನನ್ನದು. ನೀರು ಹಾಕಿದವಳು ನಾನು. ಜಿಲೆಟಿನ್ ಅಂದರೆ ಏನೆಂದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪ್ಲೇಟುಗಳನ್ನು ಒಣ ಜಾಗದಲ್ಲಿಡಬೇಕೆಂದು ಪುಸ್ತಕದಲ್ಲಿ ಓದಿದ್ದೆ. ನಾಗಪುರದಲ್ಲಿ ಒಣಗದ ಜಾಗ ಎಲ್ಲಿದೆ ಎಂದು ನಕ್ಕು ಪುಟ ತಿರುಗಿಸಿದ್ದೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಇನ್ನೂ ಒಂದಿದೆ. ಗಾಳಿಯ ಗೆರೆಗಳು ಮೊದಲ ಪ್ಲೇಟಿನಿಂದಲೂ ಅಲ್ಲೇ ಇದ್ದವು. ಬೇಕಾದ ಉತ್ತರ ಬಂತೆಂದು ಮೂರು ವಾರ ಅವುಗಳ ಕಡೆ ನೋಡಲಿಲ್ಲ. ಅದನ್ನು ಯಾರ ಅಪ್ಪಣೆಯಿಂದಲೂ ಮಾಡಿದ್ದಲ್ಲ."

"ಹಾಗಾದರೆ ತಪ್ಪು ನಿಮ್ಮದೆಂದು ಬರೆದುಕೊಳ್ಳಬೇಕೇ? ಹಾಗೆ ಬರೆದರೆ ಏನಾಗುತ್ತದೆ, ಗೊತ್ತಲ್ಲ?"

"ಗೊತ್ತು ಸರ್."

ಹೊರಗೆ ಕೂರಿಸಿದರು. ಆ ಬೆಂಚಿನ ಮೇಲೆ ಕೂತಾಗ ನಿಮ್ಮ ಹೇಳಿಕೆ ಯಾಕೆ ಅಷ್ಟು ಚುಚ್ಚಿತ್ತೆಂದು ಅರ್ಥವಾಯಿತು. ಒಳ್ಳೆಯ ಮಗಳು ಎಂದು ನನ್ನನ್ನು ಉಳಿಸಿಕೊಳ್ಳುತ್ತಿದ್ದರು. ಹಾಗೆ ಉಳಿದರೆ, ನಾಳೆ ನಾನು ನಿಜವಾಗಿ ಏನಾದರೂ ಕಂಡುಹಿಡಿದರೂ ಅದು ನನ್ನದಾಗುತ್ತಿರಲಿಲ್ಲ. ನಿಮ್ಮ ಮೇಲೆ ಹೊರಿಸಿದ ತಪ್ಪಿನ ಮೇಲೆ ನಿಂತು ಸೂರ್ಯನನ್ನು ಹೇಗೆ ಅಳೆಯಲಿ?

ತೀರ್ಮಾನ ಇದು: ಈ ವರ್ಷ ಲೆಕ್ಕಕ್ಕಿಲ್ಲ. ಬೆಟ್ಟದವರು ಮತ್ತೆ ಪ್ಲೇಟು ಕೊಡಲು ಒಪ್ಪಿದರೆ ಮೊದಲ ವರ್ಷವನ್ನು ಮೊದಲಿನಿಂದ ಶುರುಮಾಡಬಹುದು. ಒಪ್ಪದಿದ್ದರೆ ಇಲ್ಲ. ಸರ್ ಹೊರಗೆ ಬಂದವರು, "ತೇವ ಹೇಗೆ ಕೆಲಸ ಮಾಡಿತೆಂದು ಪ್ಲೇಟು ಪ್ಲೇಟಿಗೆ ಬರೆಯಿರಿ, ನಾನೇ ಬೆಟ್ಟದವರಿಗೆ ಕಳಿಸುತ್ತೇನೆ" ಎಂದರು. ಅದನ್ನೇ ಬರೆಯುತ್ತಿದ್ದೇನೆ.

ನೀವು ಕೊಟ್ಟ ವರ್ಷ ಮುಗಿಯಿತು. ಇನ್ನೊಂದು ಬೇಕೆಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಹೇಳಿಕೆಯನ್ನು ವಾಪಸ್ ತೆಗೆದುಕೊಳ್ಳಿ, ಅಪ್ಪಾ.

ನಿಮ್ಮ ಮಗಳು,
ನೀಲಾಂಬಿಕಾ


ವಾಡಿ ಜಂಕ್ಷನ್
೧೯ ಆಗಸ್ಟ್ ೧೯೫೬

ನೀಲವ್ವಾ,

ಬರಿಯಾಕ ತಡಾ ಆತು. ನಾನೂ ಸಿಟ್ಟಿಗೆದ್ದಿದ್ದೆ. ನಿನ್ನ ಮ್ಯಾಲಲ್ಲ. ಯಾರ ಮ್ಯಾಲ ಅಂತ ನನಗೂ ಬಗೀಹರೀಲಿಲ್ಲ. ಮರಿಯಪ್ಪನ ಮುಂದ ಎಲ್ಲಾ ಹೇಳಿದೆ. "ಮಾಸ್ತರ, ನಿಮ್ಮ ಸಹಿ ಮ್ಯಾಲ ನೀವು ಯಾರನ್ನರ ಸಹಿ ಮಾಡಾಕ ಬಿಡ್ತೀರೇನು?" ಅಂದ. ಇಲ್ಲ ಅಂದೆ. "ಮತ್ತ?" ಅಂದ. ಅಂದೇ ಕಾಗದ ಪೆನ್ನು ತಗೊಂಡು ಕೂತೆ.

ನಿಮ್ಮ ಡಾಕ್ಟರಿಗೆ ಬರದು ಹೇಳಿಕೆ ವಾಪಸ್ ತಗೊಂಡೀನಿ. ಮೂವತ್ತು ವರ್ಷದ ನೌಕರಿಯಾಗ ವಾಪಸ್ ತಗೊಂಡ ಹೇಳಿಕೆ ಇದೊಂದ.

ಕಲಬುರ್ಗಿಗೆ ಹೋಗಿ ವಿಜಯಾಬಾಯಿಯವರನ್ನ ಕಂಡು ಬಂದೆ. ಜಾಗಾ ಬೇರೆಯವರಿಗೆ ಕೊಡ್ರಿ ಅಂದೆ. "ಯಾಕ್ರಿ, ನಿಮ್ಮ ಮಗಳು ಪಾಸಾದಳೇನು?" ಅಂತ ಕೇಳಿದ್ರು. ಇಲ್ಲ, ಮತ್ತ ಮೊದಲನೇ ವರ್ಷಕ್ಕ ಕೂತಾಳ ಅಂದೆ. ಅವರಿಗೆ ತಿಳೀಲಿಲ್ಲ. ನಾನೂ ತಿಳಿಸಿ ಹೇಳಾಕ ಹೋಗಲಿಲ್ಲ.

ಬೆಟ್ಟದವರು ಪ್ಲೇಟು ಕಳಿಸ್ಯಾರ ಅಂತ ಕಾಶಿಬಾಯಿ ಬರದಾಳ, ಸಣ್ಣ ಪೆಟಿಗಿ ಅಂತ. ಈಗ ಮಳಿಗಾಲ. ಇದರಾಗ ಪ್ಲೇಟು ಹೆಂಗ ಒಣಗಿಡಬೇಕು ಅಂತ ನನಗ ಒಂದು ವಿಚಾರ ಬಂದೈತಿ. ಬರಿಯೂದಿಲ್ಲ. ನೀ ಕೇಳಿದ್ರ ಬರೀತೀನಿ.

ಬಸವಂತಪ್ಪ


ನಾಗಪುರ
೨೫ ಆಗಸ್ಟ್ ೧೯೫೬

ಅಪ್ಪಾ,

ಕಾರ್ಡಿನಲ್ಲಿ ಜಾಗ ಕಡಿಮೆ. ಪೆಟ್ಟಿಗೆಯನ್ನು ಇನ್ನೂ ತೆರೆದಿಲ್ಲ. ನಿಮ್ಮ ವಿಚಾರ ಏನೆಂದು ಬೇಗ ಬರೆಯಿರಿ. ಮೊದಲು ಒಂದು ಕೆಟ್ಟ ಪ್ಲೇಟಿನ ಮೇಲೆ ಪರೀಕ್ಷಿಸುತ್ತೇನೆ. ಒಪ್ಪುತ್ತೇನೆಂದು ಈಗಲೇ ಮಾತು ಕೊಡುವುದಿಲ್ಲ.

ಮೊದಲ ವರ್ಷದ
ನೀಲಾ